ಎಲ್ಗಿನ್‌ನ ದ್ರಾಕ್ಷಿತೋಟದಲ್ಲಿ ಒಂದು ಬೇಸಿಗೆಯ ಸಂಜೆ

ದ್ರಾಕ್ಷಿ ಬೆಳೆಯುವ ಮನೆಯಲ್ಲಿ ಹುಟ್ಟಿದವನಾದರೂ ಮೂವತ್ತು ದಾಟುವವರೆಗೆ ನಾನು ವೈನಿನ ರುಚಿ ನೋಡಿದವನಲ್ಲ. ವಿಜಯಪುರ ಜಿಲ್ಲೆಯ ತಿಕೋಟಾ ಬಳಿಯ ನಮ್ಮ ತೋಟದ ಥಾಮ್ಸನ್ ಸೀಡ್‌ಲೆಸ್ ಹಣ್ಣೆಲ್ಲ ಒಣದ್ರಾಕ್ಷಿಯ ಶೆಡ್ಡಿಗೆ ಹೋಗುತ್ತಿತ್ತು. ದ್ರಾಕ್ಷಿಯಿಂದ ಕುಡಿಯುವ ಪದಾರ್ಥ ಮಾಡುವ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಕೆಲಸಕ್ಕೆಂದು ಅಮೆರಿಕದ ಅರಿಜೋನಾ ರಾಜ್ಯದ ಚಾಂಡ್ಲರ್‌ಗೆ ಬಂದ ಮೇಲೆ, ಈ ಬಿಸಿಲುನಾಡಿನಲ್ಲೂ ದ್ರಾಕ್ಷಿ ಇದೆಯೆಂದು ತಿಳಿದು, ಕೇವಲ ಬಳ್ಳಿಗಳನ್ನು ನೋಡುವ ಆಸೆಯಿಂದ ಹೋದವನು ಲೋಟವನ್ನೂ ಹಿಡಿದೆ. ಬೇಸಿಗೆಯಲ್ಲಿ ಅಂಥ ತೋಟಕ್ಕೆ ಹೇಗೆ ಹೋಗಬೇಕು, ಹೇಗೆ ಸವಿಯಬೇಕು ಎಂಬುದನ್ನು ತಪ್ಪು ಮಾಡಿಯೇ ಕಲಿತಿದ್ದೇನೆ. ಕಳೆದ ಜುಲೈ ಕೊನೆಯ ವಾರದ ಒಂದು ಸಂಜೆ ಹೆಚ್ಚುಕಡಿಮೆ ಸರಿಯಾಗಿ ನಡೆಯಿತು.

ನಾವು ಹೋದದ್ದು ರಾಜ್ಯದ ದಕ್ಷಿಣ ತುದಿಗೆ ಸಮೀಪದ ಸೊನೊಯ್ಟಾ–ಎಲ್ಗಿನ್ ಪ್ರದೇಶದ ಒಂದು ಸಣ್ಣ ತೋಟಕ್ಕೆ. ಟೂಸಾನ್ ದಾಟಿ ಹೆದ್ದಾರಿ ಬಿಟ್ಟು 83ನೇ ರಸ್ತೆ ಹಿಡಿದರೆ ಕಳ್ಳಿಗಳು ಕ್ರಮೇಣ ಮರೆಯಾಗಿ ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ಮರುಭೂಮಿಯ ದ್ರಾಕ್ಷಿತೋಟ ಎಂದಾಗ ಮರಳುದಿಣ್ಣೆಗಳನ್ನು ಕಲ್ಪಿಸಿಕೊಂಡವರಿಗೆ ನಿರಾಸೆಯಾದೀತು. ಈ ನೆಲದ ಎತ್ತರ ಸಮುದ್ರಮಟ್ಟದಿಂದ ಸುಮಾರು 1,450 ಮೀಟರ್, ಅಂದರೆ ಹೆಚ್ಚುಕಡಿಮೆ ನಮ್ಮ ನಂದಿಬೆಟ್ಟದ ನೆತ್ತಿಯಷ್ಟು. ಮಧ್ಯಾಹ್ನ ಹೊರಟಾಗ ಚಾಂಡ್ಲರ್‌ನಲ್ಲಿ 43 ಡಿಗ್ರಿ ಸೆಲ್ಸಿಯಸ್ ಇತ್ತು. ಎರಡೂವರೆ ಗಂಟೆಯ ಪ್ರಯಾಣದ ನಂತರ ಕಾರಿನ ಬಾಗಿಲು ತೆರೆದಾಗ 33. ಹಗಲಿನ ಬಿಸಿಲು ಹಣ್ಣಿಗೆ ಸಕ್ಕರೆ ತುಂಬುತ್ತದೆ, ರಾತ್ರಿಯ ತಂಪು ಅದರ ಹುಳಿಯನ್ನು ಕರಗದಂತೆ ಕಾಯುತ್ತದೆ. ವಿಜಯಪುರದ ಬೇಸಿಗೆಯ ರಾತ್ರಿಗಳಿಗೆ ಈ ಎರಡನೆಯ ಗುಣವಿಲ್ಲ.

ಅರಿಜೋನಾ ವಿಶ್ವವಿದ್ಯಾಲಯದ ಮಣ್ಣುವಿಜ್ಞಾನಿ ಗಾರ್ಡನ್ ಡಟ್ 1970ರ ದಶಕದಲ್ಲಿ ಈ ಭಾಗದ ಕೆಂಪುಮಣ್ಣಿನಲ್ಲಿ ವೈನ್ ದ್ರಾಕ್ಷಿ ಬೆಳೆಸಿ ನೋಡಿದರು. 1984ರಲ್ಲಿ ಸೊನೊಯ್ಟಾ ಈ ರಾಜ್ಯದ ಮೊದಲ ಅಧಿಕೃತ ದ್ರಾಕ್ಷಿ ಪ್ರದೇಶವೆಂದು ಮಾನ್ಯತೆ ಪಡೆಯಿತು. ಆಮೇಲೆ 2016ರಲ್ಲಿ ವಿಲ್‌ಕಾಕ್ಸ್, 2021ರಲ್ಲಿ ವರ್ಡಿ ಕಣಿವೆ ಆ ಸಾಲಿಗೆ ಸೇರಿದವು.

ಇನ್ನು ಸಿದ್ಧತೆಯ ಮಾತು. ಬೇಸಿಗೆಯಲ್ಲಿ ನಾನು ಸಂಜೆ ಐದರ ಮೊದಲು ಲೋಟ ಮುಟ್ಟುವುದಿಲ್ಲ. ಬಹಳಷ್ಟು ತೋಟಗಳು ಆ ಹೊತ್ತಿಗೆ ಬಾಗಿಲು ಹಾಕುವುದರಿಂದ ಮೊದಲೇ ಫೋನ್ ಮಾಡಿ, ಸಂಜೆ ತೆರೆದಿರುವ ದಿನವನ್ನೇ ಕಾಯ್ದಿರಿಸಬೇಕು. ದಾರಿಯುದ್ದಕ್ಕೂ ನೀರು ಕುಡಿಯುತ್ತ ಹೋಗಬೇಕು. ಬಾಯಾರಿದ ನಾಲಗೆ ವೈನನ್ನು ಸವಿಯುವುದಿಲ್ಲ, ಸುಮ್ಮನೆ ನುಂಗುತ್ತದೆ. ಅತ್ತರು, ಘಾಟು ವಾಸನೆಯ ಸನ್‌ಸ್ಕ್ರೀನ್, ಪರಿಮಳದ ತಲೆಎಣ್ಣೆ ಯಾವುದೂ ಬೇಡ. ತಿನ್ನಲು ನಾನು ಮನೆಯ ಕಡಕ್ ಸಜ್ಜಿರೊಟ್ಟಿಯನ್ನು ಚಟ್ನಿಯಿಲ್ಲದೆ ಒಯ್ಯುತ್ತೇನೆ. ಒಮ್ಮೆ ಶೇಂಗಾ ಚಟ್ನಿ ಒಯ್ದು ಕೆಟ್ಟಿದ್ದೆ: ಮೆಣಸಿನ ಖಾರ ಮತ್ತು ಮದ್ಯದ ಉರಿ ಒಂದನ್ನೊಂದು ಹೆಚ್ಚಿಸಿ, ಆ ದಿನದ ಕೆಂಪು ವೈನೆಲ್ಲ ನನಗೆ ಒಂದೇ ರುಚಿಯಾಗಿ ಕಂಡಿತು. ಎಲ್ಲಕ್ಕಿಂತ ಮುಖ್ಯವಾಗಿ, ಕಾರು ಓಡಿಸುವವರು ಕುಡಿಯದವರಾಗಿರಬೇಕು. ರಕ್ತದಲ್ಲಿ ಮದ್ಯದ ಪ್ರಮಾಣ ಶೇಕಡಾ 0.08ಕ್ಕಿಂತ ಕಡಿಮೆಯಿದ್ದರೂ, ಕಾರು ಓಡಿಸುವ ಸಾಮರ್ಥ್ಯ ಅಲ್ಪಸ್ವಲ್ಪ ಕುಂದಿದೆಯೆಂದು ಕಂಡುಬಂದರೆ ಸಾಕು, ಈ ರಾಜ್ಯದಲ್ಲಿ ಅದು ಅಪರಾಧ. ನನ್ನ ಹೆಂಡತಿ ವೈನ್ ಕುಡಿಯುವುದಿಲ್ಲ. ಬರುವಾಗ ಅವಳೇ ಕಾರು ಓಡಿಸುತ್ತಾಳೆ. ಆದರೆ ಲೋಟ ಮೂಸಿ ನೋಡುವುದಕ್ಕೆ ಅವಳ ಅಭ್ಯಂತರವಿಲ್ಲ, ಮತ್ತು ಅವಳ ಮೂಗು ನನ್ನದಕ್ಕಿಂತ ಚುರುಕು.

ತೋಟದೊಡತಿ ಮೊದಲು ನಮ್ಮನ್ನು ಸಾಲುಗಳ ನಡುವೆ ನಡೆಸಿದರು. ಕಾಯಿಗಳು ಆಗತಾನೆ ಬಣ್ಣ ತಿರುಗುತ್ತಿದ್ದವು. ಒಂದೇ ಗೊಂಚಲಿನಲ್ಲಿ ಹಸಿರು, ನಸುಗೆಂಪು, ಕಪ್ಪು ಮೂರೂ ಇದ್ದವು. ಊರಿನಲ್ಲಿ ನಾವು ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಒಂದು, ಹೀಗೆ ವರ್ಷಕ್ಕೆ ಎರಡು ಚಾಟನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮಾಡುತ್ತೇವೆ ಎಂದಾಗ ಅವರಿಗೆ ಅಚ್ಚರಿಯಾಯಿತು. ಇಲ್ಲಿ ಚಳಿಗಾಲವೇ ಬಳ್ಳಿಯನ್ನು ಮಲಗಿಸುತ್ತದೆ, ಚಾಟನಿ ಒಂದೇ ಸಲ. ಒಂದು ಕಪ್ಪು ಹಣ್ಣನ್ನು ಅವರ ಅನುಮತಿ ಕೇಳಿ ಕಿತ್ತು, ಸಿಪ್ಪೆಯನ್ನು ಬೇರೆಯಾಗಿ, ಬೀಜವನ್ನು ಬೇರೆಯಾಗಿ ಅಗಿದೆ. ಬೀಜವಿಲ್ಲದ ಹಣ್ಣು ತಿಂದು ಬೆಳೆದ ನಾನು ಒಗರು ಎಂಬುದು ದ್ರಾಕ್ಷಿಯ ಯಾವ ಭಾಗದಿಂದ ಬರುತ್ತದೆಂದು ಅರಿತದ್ದು ಹೀಗೆಯೇ. ಲೋಟಕ್ಕೆ ಮುನ್ನ ಹಣ್ಣನ್ನು ಅಗಿಯುವುದನ್ನು ಅಂದಿನಿಂದ ನಾನು ಬಿಟ್ಟಿಲ್ಲ.

ವೈನಿನ ಬಗ್ಗೆ ಮಾತಾಡುವವರು ಬ್ಲ್ಯಾಕ್‌ಬೆರಿ, ಕರಂಟ್, ಸೀಡರ್ ಎಂದೆಲ್ಲ ಹೇಳುವಾಗ ಮೊದಮೊದಲು ನಾನೂ ತಲೆಯಾಡಿಸುತ್ತಿದ್ದೆ. ನಿಜಕ್ಕೂ ನಾನು ಅವುಗಳಲ್ಲಿ ಅರ್ಧವನ್ನು ತಿಂದವನೇ ಅಲ್ಲ. ಈಗ ನನ್ನ ಟಿಪ್ಪಣಿಪುಸ್ತಕದಲ್ಲಿ ನಾಲಗೆಗೆ ಪರಿಚಯವಿರುವ ಪದಾರ್ಥಗಳು ಮಾತ್ರ ಇರುತ್ತವೆ. ಅಂದು ಮೊದಲು ಬಂದ ಬಿಳಿ ವೈನು ಮಾಲ್ವಾಸಿಯಾ ಬಿಯಾಂಕಾ. ನಾನು ‘ಮಲ್ಲಿಗೆ’ ಎಂದು ಬರೆದುಕೊಂಡೆ. ಹೆಂಡತಿ ಮೂಸಿ, ‘ಮಲ್ಲಿಗೆ ಅಲ್ಲರೀ, ನಿಂಬೆಹೂವು’ ಎಂದಳು. ಇನ್ನೊಮ್ಮೆ ಮೂಸಿದಾಗ ಅವಳದೇ ಸರಿಯೆನಿಸಿತು. ಮೂವತ್ತು ಮಿಲಿಲೀಟರಿನಷ್ಟೇ ಸುರಿಯುತ್ತಾರೆ. ಅದರಲ್ಲಿ ಅರ್ಧವನ್ನು ಬಾಯಲ್ಲಿ ಆಡಿಸಿ ಉಗುಳುವುದಕ್ಕೆ ನಾನು ನಾಚುವುದಿಲ್ಲ.

ಕೆಂಪು ವೈನು ಮರದಡಿಯ ಮೇಜಿಗೆ ಬಂದಾಗ ಗಾಳಿಯಿನ್ನೂ ಬಿಸಿಯಾಗಿತ್ತು. ಇಲ್ಲಿಯ ಕೆಂಪು ವೈನುಗಳಲ್ಲಿ ಮದ್ಯದ ಅಂಶ ಶೇಕಡಾ 14 ದಾಟುವುದು ಸಾಮಾನ್ಯ. ಬೆಚ್ಚಗಾದರೆ ಮೂಗಿಗೆ ಘಾಟಲ್ಲದೆ ಬೇರೇನೂ ಸಿಗದು. ಆದ್ದರಿಂದ ಬಾಟಲಿಯನ್ನು ಮಂಜುಗಡ್ಡೆಯ ನೀರಿನಲ್ಲಿ ಹದಿನೈದು ನಿಮಿಷ ಇಡಲು ಕೇಳಿಕೊಂಡೆ. ಕೆಂಪನ್ನು ತಣ್ಣಗೆ ಮಾಡಬಾರದೆಂಬ ಪಾಠ ತಂಪು ದೇಶದ ಮನೆಗಳಿಗೆ ಸಲ್ಲುತ್ತದೆ, ಇಲ್ಲಿಗಲ್ಲ. ತೆಂಪ್ರಾನಿಯೋದಲ್ಲಿ ನನಗೆ ಹುಣಸೆಯ ಹುಳಿ ಕಂಡಿತು, ಮೂರ್ವೆದ್ರ್‌ನಲ್ಲಿ ಒಣಮಣ್ಣು. ಕೊನೆಯ ಟನಾಟ್ ಮಾತ್ರ ಬಾಯನ್ನೇ ಕಟ್ಟಿಹಾಕಿತು: ನೇರಳೆಹಣ್ಣನ್ನು ಮುಷ್ಟಿಗಟ್ಟಲೆ ತಿಂದ ಮೇಲೆ ನಾಲಗೆ ದಪ್ಪವಾಗುತ್ತದಲ್ಲ, ಅದೇ ಒಗರು. ಅದನ್ನೇ ಒಂದು ಬಾಟಲಿ ಕೊಂಡೆ.

ಏಳರ ಹೊತ್ತಿಗೆ ಸಾಂಟಾ ರೀಟಾ ಬೆಟ್ಟಗಳ ಮೇಲೆ ಮೋಡ ಕಟ್ಟಿ ಗುಡುಗತೊಡಗಿತು. ಇಲ್ಲಿಯೂ ಜುಲೈ, ಆಗಸ್ಟ್‌ನಲ್ಲಿ ಬರುವ ಮಳೆಗೆ ಮಾನ್ಸೂನ್ ಎಂದೇ ಹೆಸರು; ಒಣಹುಲ್ಲನ್ನು ಹಸಿರಾಗಿಸುವ ಅದೇ ಮಳೆ, ಹಣ್ಣು ಮಾಗುವ ಹೊತ್ತಿನಲ್ಲಿ ಆಲಿಕಲ್ಲು ತಂದು ಸಿಪ್ಪೆ ಒಡೆಯುತ್ತದೆ, ಕೊಳೆ ಹಚ್ಚುತ್ತದೆ. ಬಯಲಿನಲ್ಲಿ ಮಿಂಚಿಗೆ ಸಿಕ್ಕಬಾರದೆಂದು ಎಲ್ಲರೂ ಪೀಪಾಯಿಗಳಿರುವ ಶೆಡ್ಡಿಗೆ ಓಡಿದೆವು. ತಗಡಿನ ಮೇಲೆ ಹನಿ ಬಿದ್ದಾಗಲೆಲ್ಲ ಒಡತಿಯ ಮುಖ ಮೇಲಕ್ಕೆ ತಿರುಗುತ್ತಿತ್ತು. ಆ ನೋಟ ನನಗೆ ಹೊಸದಲ್ಲ. ಊರಿನಲ್ಲಿ ಆಗ ಬೆಳಗಿನ ಏಳೂವರೆ ದಾಟಿತ್ತು. ಅಪ್ಪನಿಗೆ ಫೋನ್ ಮಾಡಿದರೆ, ವೈನಿನ ವಿಷಯವನ್ನು ಬದಿಗಿಟ್ಟು, ‘ಆಲಿಕಲ್ಲ ಬಿದ್ದೂವೇನು?’ ಎಂದಷ್ಟೇ ಕೇಳಿದರು. ಬಿದ್ದಿರಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಮಳೆ ನಿಂತಿತು.

ಬಾಟಲಿಯನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ತಂದೆ. ಮೊದಲ ವರ್ಷ ಮೂರು ಬಾಟಲಿಗಳನ್ನು ಕಾರಿನ ಡಿಕ್ಕಿಯಲ್ಲಿ ಒಂದು ಮಧ್ಯಾಹ್ನ ಮರೆತು, ಬಿರಡೆಗಳು ಉಬ್ಬಿ, ವೈನ್ ಬೇಯಿಸಿದ ಹಣ್ಣಿನಂತಾದದ್ದು ಇನ್ನೂ ನೆನಪಿದೆ. ಟನಾಟ್ ತೆರೆದದ್ದು ಮರುದಿನ ರಾತ್ರಿ. ಒಂದು ಲೋಟ ಕುಡಿದು ಬಿರಡೆ ಹಾಕಿ ಫ್ರಿಜ್‌ನಲ್ಲಿಟ್ಟೆ. ಇಪ್ಪತ್ತನಾಲ್ಕು ಗಂಟೆಯ ಮೇಲೆ ಮತ್ತೊಮ್ಮೆ ಸವಿದು ಪುಸ್ತಕದಲ್ಲಿ ಬರೆದುಕೊಂಡೆ: ‘ಒಗರು ಇಳಿದಿದೆ. ಹುಳಿ ಹಾಗೆಯೇ ಇದೆ.’