ಡೆಲ್ಲಿ-ಆಗ್ರಾ ಟಿಕೆಟ್ ಹಾಕೋ ಮುಂಚೆ ಅಲ್ಲಿನ ಗಾಳಿ ನೋಡ್ಕೊಳ್ಳೋದು ಹೇಗೆ

ನಮ್ಮ ಕಡೆಯವ್ರು ಡೆಲ್ಲಿ-ಆಗ್ರಾ ಪ್ಲಾನ್ ಹಾಕೋದೇ ದೀಪಾವಳಿ ಇಲ್ಲಾ ಕ್ರಿಸ್‌ಮಸ್ ರಜೆಗೆ, ಮೇ ತಿಂಗಳ ಬಿಸಿಲಿಗೆ ಹೆದರ್ಕೊಂಡು, ವೆದರ್ ಆಪ್ ತೆಗೆದ್ರೆ ನವೆಂಬರ್‌ಗೆ 26 ಡಿಗ್ರಿ ಅಂತ ಬೇರೆ ತೋರ್ಸುತ್ತೆ, ಬೆಂಗಳೂರು ಥರಾನೇ ಇದ್ಯಲ್ಲ ಅಂತ ಬುಕ್ ಮಾಡಿಬಿಡ್ತಾರೆ. ಆ 26ರಲ್ಲಿ ಗಾಳಿ ಕಥೆ ಇರಲ್ಲ. ಪಂಜಾಬ್-ಹರಿಯಾಣದಲ್ಲಿ ಭತ್ತದ ಕೂಳೆ ಸುಡೋ ಹೊಗೆ, ಪಟಾಕಿ, ಗಾಡಿ ಹೊಗೆ, ಧೂಳು, ಇದೆಲ್ಲಾ ಇರುವಾಗ್ಲೇ ಗಾಳಿ ಬೀಸೋದು ನಿಂತುಹೋಗುತ್ತೆ, ಮೇಲೆ ಬೆಚ್ಚಗಿನ ಗಾಳಿ ಪಾತ್ರೆ ಮೇಲಿನ ತಟ್ಟೆ ಥರ ಮುಚ್ಕೊಳ್ಳುತ್ತೆ, ಹೊಗೆ ಮೇಲಕ್ಕೆ ಹೋಗೋಕೆ ದಾರಿನೇ ಇರಲ್ಲ.

ಮೊದ್ಲು ಮಾಡ್ಬೇಕಾದ್ದು ಅಂದ್ರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ವೆಬ್‌ಸೈಟ್‌ನಲ್ಲಿ ದಿನಾ ಹಾಕೋ ಎಕ್ಯೂಐ (ಗಾಳಿ ಗುಣಮಟ್ಟದ ಸೂಚ್ಯಂಕ, ನಂಬರ್ ಏರಿದಷ್ಟೂ ಗಾಳಿ ಕೆಟ್ಟದ್ದು) ಬುಲೆಟಿನ್ ತೆಗೀರಿ, ಹಳೇವೂ ಇರುತ್ತೆ, ನೀವು ಹೋಗೋ ವಾರ ಹಿಂದಿನ ಎರಡ್ಮೂರು ವರ್ಷ ಹೇಗಿತ್ತು ಅಂತ ನೋಡಿ. 100ರ ಒಳಗಿದ್ರೆ ಯೋಚ್ನೆ ಬೇಡ, 200 ದಾಟಿದ್ರೆ 'ಕಳಪೆ', 300 ದಾಟಿದ್ರೆ 'ತೀರಾ ಕಳಪೆ', 400ರ ಮೇಲೆ 'ಗಂಭೀರ'. ಮನೇಲಿ ಆಸ್ತಮಾ ಇರೋರು, ವಯಸ್ಸಾದವ್ರು, ಚಿಕ್ಕ ಮಕ್ಕಳು ಇದ್ರೆ ನನ್ ಪ್ರಕಾರ 300 ದಾಟೋ ವಾರಕ್ಕೆ ಟಿಕೆಟ್ ಹಾಕ್ಲೇಬೇಡಿ. ಇನ್ನೊಂದು, ನಮ್ಮ ಸ್ಕೇಲ್ 500ಕ್ಕೇ ನಿಲ್ಲುತ್ತೆ, ವಿದೇಶಿ ಆಪ್‌ಗಳು ಅಮೆರಿಕಾ ಸ್ಕೇಲ್ ಹಾಕಿ ಬೇರೆ ನಂಬರ್ ತೋರ್ಸುತ್ವೆ, ಎರಡನ್ನೂ ಬೆರೆಸಿ ತಲೆ ಕೆಡಿಸ್ಕೋಬೇಡಿ, ಒಂದನ್ನೇ ಹಿಡ್ಕೊಳ್ಳಿ.

ಡಿಸೆಂಬರ್ ಕೊನೆಯಿಂದ ಜನವರಿವರೆಗೆ ಮಂಜಿನ ಕಾಟ. ಬೆಳಗಿನ ಫ್ಲೈಟ್ ಲೇಟ್ ಆಗುತ್ತೆ, ಒಂದೊಂದ್ಸಲ ಜೈಪುರಕ್ಕೆ ತಿರುಗಿಸ್ತಾರೆ, ರೈಲು ಗಂಟೆಗಟ್ಲೆ ತಡ, ಹಾಗಾಗಿ ಮಧ್ಯಾಹ್ನ ಇಳಿಯೋ ಫ್ಲೈಟ್ ನೋಡಿ, ಅದೇ ದಿನ ಕನೆಕ್ಷನ್ ಇಟ್ಕೋಬೇಡಿ. ತಾಜ್ ಮಹಲ್ ಸೂರ್ಯೋದಯ ಅಂತ ಎಲ್ರೂ ಹೇಳ್ತಾರೆ, ಜನವರಿಯಲ್ಲಿ ಆ ಹೊತ್ತಿಗೆ ಹೋದ್ರೆ ಬಿಳಿ ಗೋಡೆ ಥರ ಮಂಜು ಬಿಟ್ರೆ ಏನೂ ಕಾಣ್ದೇ ಇರ್ಬೋದು, ಹನ್ನೊಂದು ಗಂಟೆ ಮೇಲೆ ಹೋಗಿ (ಶುಕ್ರವಾರ ಬಾಗ್ಲು ಹಾಕಿರುತ್ತೆ).

ಟಿಕೆಟ್ ಆಗ್ಲೇ ಆಗಿದ್ರೆ? ಎನ್95 ಮಾಸ್ಕ್ ತಗೊಳ್ಳಿ, ಬಟ್ಟೆ ಮಾಸ್ಕ್ ಪಿಎಂ2.5 ಅನ್ನೋ ತೀರಾ ಸಣ್ಣ ಮಾಲಿನ್ಯದ ಕಣಗಳಿಗೆ ಲೆಕ್ಕಕ್ಕಿಲ್ಲ. ಬಿಸಿಲೇರಿದ್ಮೇಲೆ ಹೊಗೆ ಸ್ವಲ್ಪ ಮೇಲೇರುತ್ತೆ, ಅದಕ್ಕೆ ಕುತುಬ್ ಮಿನಾರ್, ಹುಮಾಯೂನ್ ಸಮಾಧಿ ಎಲ್ಲಾ ಮಧ್ಯಾಹ್ನಕ್ಕೆ ಇಟ್ಕೊಂಡು ಬೆಳಿಗ್ಗೆ ಮ್ಯೂಸಿಯಂ ಒಳಗಿರಿ. ಗ್ರಾಪ್ (ಡೆಲ್ಲಿ ಕಡೆ ಗಾಳಿ ಕೆಟ್ಟಂಗೆಲ್ಲಾ ಹಂತಹಂತವಾಗಿ ಹಾಕೋ ಸರ್ಕಾರಿ ನಿರ್ಬಂಧ) 3ನೇ ಹಂತ ಜಾರಿಯಾದ್ರೆ ಹಳೇ ಹೊಗೆ ಮಾನದಂಡದ ಬಿಎಸ್-3 ಪೆಟ್ರೋಲ್, ಬಿಎಸ್-4 ಡೀಸೆಲ್ ಕಾರಿಗೆ ತಡೆ ಇರುತ್ತೆ, ಟ್ಯಾಕ್ಸಿಯವ್ರನ್ನ ಮೊದ್ಲೇ ಕೇಳ್ಕೊಳ್ಳಿ.

ರಜೆ ಹೊಂದಿಸ್ಕೊಳ್ಳೋಕಾದ್ರೆ ಫೆಬ್ರವರಿ ಕೊನೆ, ಮಾರ್ಚ್ ಒಳ್ಳೇದು, ರಾಷ್ಟ್ರಪತಿ ಭವನದ ಅಮೃತ ಉದ್ಯಾನನೂ ಆಗ ತೆಗೆದಿರ್ತಾರೆ. ನವೆಂಬರ್‌ನಲ್ಲೇ ಹೋಗ್ಬೇಕು ಅಂದ್ರೆ ಡೆಲ್ಲಿ ಬಿಟ್ಟು ಮಸ್ಸೂರಿ ಕಡೆ ಹತ್ತಿ, ಬಯಲಿನ ಹೊಗೆ ಕೆಳಗೇ ಉಳಿಯುತ್ತೆ. ಆದ್ರೆ ಡೆಲ್ಲಿಯವ್ರೂ ವೀಕೆಂಡ್‌ಗೆ ಅಲ್ಲಿಗೇ ಓಡೋದು, ರೂಮ್ ರೇಟ್ ಏರಿರುತ್ತೆ, ಸೋಮವಾರದಿಂದ ಗುರುವಾರದೊಳಗೆ ನೋಡಿ.