ಹಣ್ಣು ಒಳಗೆ ಕೆಟ್ಟಿದ್ದರೆ ನಾನು ವಾಪಸ್ ಕೊಡುವುದು ಹೀಗೆ

ಮಿಕ್ಸಿ ಕೆಟ್ಟರೆ ಅಂಗಡಿಗೆ ಹೊತ್ತುಕೊಂಡು ಹೋಗುವ ಜನ ಮಾವಿನಹಣ್ಣು ಕೆಟ್ಟಿದ್ದರೆ ಸುಮ್ನೆ ಕಸಕ್ಕೆ ಹಾಕುತ್ತಾರೆ. ಸಂಕೋಚ. ನನಗೆ ಆ ಸಂಕೋಚ ಇಲ್ಲ, ಬೆಂಗಳೂರಿನ ನಮ್ಮ ಏರಿಯಾದ ಸೂಪರ್ ಮಾರ್ಕೆಟ್‌ಗೆ ಹೋಗಿ ವಾಪಸ್ ಕೊಟ್ಟೇ ಬರುತ್ತೇನೆ.

ನಾನು ಜಾಸ್ತಿ ವಾಪಸ್ ಕೊಟ್ಟಿರುವುದು ಬಾದಾಮಿ ಮಾವನ್ನೇ. ಹೊರಗೆ ಒಳ್ಳೇ ಬಣ್ಣ, ಘಮಘಮ ವಾಸನೆ, ಕೊಯ್ದರೆ ಓಟೆಯ ಸುತ್ತ ಬೆಳ್ಳಗೆ ಸ್ಪಂಜಿನ ಹಾಗೆ, ಬಾಯಿಗಿಟ್ಟರೆ ಹುಳಿ. ಬಾದಾಮಿ, ಅಂದರೆ ಆಲ್ಫಾನ್ಸೋ ತಳಿಗೇ ಇದು ಜಾಸ್ತಿ. ಕಾಯಿ ಮರದಲ್ಲಿರುವಾಗಲೇ ಶುರುವಾಗುವ ತೊಂದರೆ, ಒತ್ತಿದರೂ ಮೂಸಿದರೂ ತಿಳಿಯುವುದಿಲ್ಲ. ಅಂಗಡಿಯವರಿಗೂ ಗೊತ್ತಿರುವುದಿಲ್ಲ, ಪಾಪ. ಹಾಗಾಗಿ ನಾನು ಜಗಳದ ದನಿಯಲ್ಲಿ ಮಾತು ಶುರು ಮಾಡುವುದೇ ಇಲ್ಲ.

ಎಲ್ಲಾ ಹಣ್ಣು ಕೊಯ್ಯಬೇಡಿ. ಮೊದಲನೆಯದು ಹಾಗಿದ್ದರೆ ಇನ್ನೊಂದನ್ನು ಕೊಯ್ದು ನೋಡಿ, ಅದೂ ಹಾಗೇ ಇದ್ದರೆ ಅಲ್ಲಿಗೆ ನಿಲ್ಲಿಸಿ, ಫೋಟೋ ತೆಗೆದು, ಕೊಯ್ದದ್ದನ್ನೂ ಕೊಯ್ಯದ್ದನ್ನೂ ಅದೇ ಕವರ್‌ಗೆ ಹಾಕಿ. ತೂಕ ಹಾಕಿದಾಗ ಕವರ್ ಮೇಲೆ ಅಂಟಿಸುವ ಸ್ಟಿಕರ್ ಇರುತ್ತದಲ್ವಾ, ಅದು ಮುಖ್ಯ, ಕೀಳಬೇಡಿ. ಬಿಲ್ ಜೊತೆ ಅದೂ ಇದ್ದರೆ ಯಾವ ಹಣ್ಣು, ಎಷ್ಟು ತೂಕ ಅನ್ನುವ ವಾದವೇ ಬರುವುದಿಲ್ಲ. ಅದೇ ದಿನ ಹೋಗಿ, ತಪ್ಪಿದರೆ ಮಾರನೇ ಬೆಳಿಗ್ಗೆ.

ಬಿಲ್ಲಿಂಗ್ ಕ್ಯೂನಲ್ಲಿ ನಿಲ್ಲುವುದು ದಂಡ. ಅಲ್ಲಿ ಕೂತಿರುವ ಹುಡುಗನಿಗೆ ಬಿಲ್ ಕ್ಯಾನ್ಸಲ್ ಮಾಡುವ ಅಧಿಕಾರ ಇರುವುದಿಲ್ಲ, ಹಿಂದಿನವರು ಗೊಣಗುತ್ತಾರೆ. ನೇರ ಸೂಪರ್‌ವೈಸರ್ ಹತ್ತಿರ ಹೋಗಿ ಕವರ್ ಬಿಚ್ಚಿ ತೋರಿಸುತ್ತೇನೆ. "ಸರ್, ಒಳಗೆ ಹೀಗಿದೆ ನೋಡಿ. ಬೇರೆ ಹಣ್ಣು ಬೇಡ, ದುಡ್ಡು ಕೊಟ್ಟುಬಿಡಿ." ಏನು ಬೇಕು ಅನ್ನುವುದನ್ನು ನಾವೇ ಮೊದಲು ಹೇಳಬೇಕು, ಇಲ್ಲದಿದ್ದರೆ ಅದೇ ಲೋಡ್‌ನ ಹಣ್ಣನ್ನೇ ಮತ್ತೆ ಕವರ್‌ಗೆ ತುಂಬಿ ಕಳಿಸುತ್ತಾರೆ.

"ಮೇಡಂ, ಹಣ್ಣು ತರಕಾರಿ ವಾಪಸ್ ಇಲ್ಲ, ಬಿಲ್‌ನಲ್ಲೇ ಬರೆದಿದೆ" ಅನ್ನುವವರೂ ಸಿಗುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಇದಕ್ಕೆ ಉತ್ತರ ಇದೆ. ದೋಷ ಇರುವ ಮಾಲನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳದಿರುವುದು ಅನುಚಿತ ವ್ಯಾಪಾರ ಪದ್ಧತಿ. ಹಾಗಂತ ಹಣ್ಣನ್ನು 30 ದಿನ ಇಟ್ಟುಕೊಂಡು ಹೋದರೆ ಯಾರೂ ನಂಬುವುದಿಲ್ಲ ಬಿಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಆ ನಂಬರ್ ಬಾಯಲ್ಲಿ ಬಂದರೆ ಸಾಕು, ಮ್ಯಾನೇಜರ್ ಹೊರಗೆ ಬರುತ್ತಾರೆ. ಫೋನ್ ಮಾಡುವ ತನಕ ವಿಷಯ ಹೋಗಿಲ್ಲ.

ಎಲ್ಲವನ್ನೂ ವಾಪಸ್ ಕೊಡುವುದಿಲ್ಲ. ಕಲ್ಲಂಗಡಿ ಸಪ್ಪೆ, ಸೊಪ್ಪು ಮಾರನೇ ದಿನ ಬಾಡಿತು, ಇವಕ್ಕೆಲ್ಲ ಹೋದರೆ ನಮ್ಮ ಮಾತಿಗೇ ಬೆಲೆ ಇರುವುದಿಲ್ಲ. ಸೋರೆಕಾಯಿ ಮಾತ್ರ ಬೇರೆ. ಚೂರು ನಾಲಿಗೆಗೆ ತಾಗಿಸಿದಾಗ ಕಹಿ ಇದ್ದರೆ ಉಗಿದುಬಿಡಿ, ಜ್ಯೂಸ್ ಅಂತೂ ಮಾಡಲೇಬೇಡಿ, ಅದು ವಿಷವಾಗಿ ಜನ ಆಸ್ಪತ್ರೆ ಸೇರಿದ್ದಾರೆ. ಅದನ್ನು ವಾಪಸ್ ಕೊಡುವಾಗ ಉಳಿದ ಕಾಯಿಗಳನ್ನೂ ನೋಡಿ ಅಂತ ಹೇಳಿಯೇ ಬರುತ್ತೇನೆ.

ಆ್ಯಪ್‌ನಲ್ಲಿ ತರಿಸಿದರೆ ಇನ್ನೂ ಸುಲಭ, ಫೋಟೋ ಹಾಕಿದರೆ ಆಯಿತು. ದುಡ್ಡು ಅವರ ವ್ಯಾಲೆಟ್‌ಗೆ ಬೇಡ, ಬ್ಯಾಂಕ್‌ಗೇ ಹಾಕಿ ಅಂತ ಕೇಳಿ.

ತಳ್ಳುಗಾಡಿಯವರ ಹತ್ತಿರ ಬಿಲ್ಲೂ ಇಲ್ಲ, ಕಾಯ್ದೆ ಮಾತೂ ಬೇಡ. "ಅಣ್ಣಾ, ನಿನ್ನೆ ಬದನೆಕಾಯಿ ಬರೀ ಹುಳ" ಅಂದರೆ ಗೊಣಗುತ್ತಲೇ ಎರಡು ಕಾಯಿ ಜಾಸ್ತಿ ಹಾಕುತ್ತಾರೆ, ಮೇಲೆ ಕರಿಬೇವು ಬೇರೆ.