ಹಳೇ ಸೇತುವೆ ತೆಗೆದು ಹೊಸದು ಕಟ್ಟುವಾಗ ನದಿ ಕಾಪಾಡಿಕೊಂಡ ಬಗೆ: ನನ್ನ ಅನುಭವ

ನದಿ ಮೇಲಿನ ಹೆದ್ದಾರಿ ಸೇತುವೆ ಬದಲಿಸುವಾಗ ಎಲ್ಲರ ಕಣ್ಣು ನೀರಿನ ಬಣ್ಣದ ಮೇಲೆ. ಚೂರು ರಾಡಿ ಕಂಡರೂ ಫೋನ್ ಬರುತ್ತದೆ. ರಾಡಿ ಕೆಟ್ಟದ್ದೇ. ಮೀನಿನ ಮೊಟ್ಟೆ ಮೇಲೆ ಹೂಳು ಕೂತರೆ ಅವು ಉಸಿರುಗಟ್ಟಿ ಸಾಯುತ್ತವೆ. ಆದರೆ ಪರಿಸರದ ಹೊಣೆ ಹೊತ್ತ ನಾನು ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಕಣ್ಣಿಗೆ ಕಾಣದ ಸಂಗತಿಗಳ ಬಗ್ಗೆ.

ಮೊದಲ ಜಗಳ ಡ್ರಾಯಿಂಗ್ ಮೇಲೆಯೇ ನಡೆಯಿತು. ಹಳೇ ಸೇತುವೆಯದ್ದು ಗಿಡ್ಡ ಸ್ಪ್ಯಾನ್‌ಗಳು, ನೀರಿನ ತುಂಬ ಪಿಯರ್‌ಗಳು. ಸ್ಪ್ಯಾನ್ ಅಂದರೆ ಎರಡು ಆಧಾರಗಳ ನಡುವಿನ ಅಂತರ, ಪಿಯರ್ ಅಂದರೆ ಸೇತುವೆ ಹೊರುವ ಕಂಬ. ಡ್ರಾಯಿಂಗ್ ಮಾಡಿದವರು ಹೊಸದಕ್ಕೂ ಹೆಚ್ಚುಕಮ್ಮಿ ಅದೇ ಲೆಕ್ಕ ಹಾಕಿದ್ದರು. ಸ್ಪ್ಯಾನ್ ಉದ್ದ ಮಾಡಿ, ನೀರಿನಲ್ಲಿ ನಿಲ್ಲುವ ಪಿಯರ್ ಕಡಿಮೆ ಮಾಡಿ ಅಂತ ಹಟ ಹಿಡಿದೆ. ಗರ್ಡರ್ (ಸೇತುವೆಯ ಉದ್ದ ತೊಲೆ) ದುಬಾರಿಯಾಗುತ್ತದೆ ಅಂದರು. ಮೀನಿನ ಮಾತಾಡಿದ್ದರೆ ಯಾರೂ ಕಿವಿಗೊಡುತ್ತಿರಲಿಲ್ಲ, ಹಾಗಾಗಿ ಕಾಫರ್‌ಡ್ಯಾಂ ಅಂದರೆ ನೀರು ತಡೆಯಲು ಕಟ್ಟುವ ತಾತ್ಕಾಲಿಕ ಆವರಣದ ಖರ್ಚಿನ ಮಾತಾಡಿದೆ. ನೀರಿನಲ್ಲಿ ಒಂದು ಪಿಯರ್ ಅಂದರೆ ಸುತ್ತ ಶೀಟ್ ಪೈಲ್ (ಒಂದಕ್ಕೊಂದು ಸಿಕ್ಕಿಸುವ ಉಕ್ಕಿನ ಹಲಗೆ) ಇಳಿಸಬೇಕು, ಒಳಗಿನ ನೀರು ಖಾಲಿ ಮಾಡಬೇಕು, ಹಗಲೂ ರಾತ್ರಿ ಪಂಪ್ ಓಡಬೇಕು. ಪ್ರವಾಹ ಬಂದರೆ ಎಲ್ಲ ನಿಂತಿತು. ಒಂದು ಪಿಯರ್ ಕಡಿಮೆಯಾದರೆ ಇದಿಷ್ಟೂ ತಪ್ಪುತ್ತದೆ ಅಲ್ವಾ? ಈ ಲೆಕ್ಕ ಅವರಿಗೆ ಹಿಡಿಸಿತು. ಆಮೇಲೆ ಮಾಡಿದ ಯಾವ ಉಪಾಯದಿಂದಲೂ ನದಿಗೆ ಇಷ್ಟು ಉಪಕಾರ ಆಗಲಿಲ್ಲ ಅಂತಲೇ ನನ್ನ ಅಭಿಪ್ರಾಯ.

ಕ್ರೇನ್ ನಿಲ್ಲಿಸಲು ನದಿಯೊಳಗೆ ಮಣ್ಣು ಸುರಿದು ದಾರಿ ಮಾಡುವುದು ಸುಲಭ. ಆದರೆ ಹರಿಯುವ ಜಾಗ ಕಿರಿದಾಗಿ ಸೆಳೆತ ಹೆಚ್ಚುತ್ತದೆ, ಜೋರು ನೀರು ಬಂದರೆ ಸುರಿದ ಮಣ್ಣೆಲ್ಲ ಕೊಚ್ಚಿಕೊಂಡು ಹೋಗುತ್ತದೆ. ನಾವು ನದಿ ತಳಕ್ಕೆ ಇಳಿಸಿದ ಉಕ್ಕಿನ ಪೈಲ್‌ಗಳ ಮೇಲೆ ತಾತ್ಕಾಲಿಕ ಅಟ್ಟಣೆ ಕಟ್ಟಿದೆವು. ನೀರು ಮುಟ್ಟುವ ಕೆಲಸವೆಲ್ಲ ಹರಿವು ಕಡಿಮೆಯಿರುವ, ಮೀನು ಮೊಟ್ಟೆಯಿಡದ ತಿಂಗಳುಗಳಲ್ಲಿ ಮಾತ್ರ. ಸಿಲ್ಟ್ ಕರ್ಟನ್ (ರಾಡಿ ತಡೆಯಲು ನೀರಿಗೆ ಇಳಿಬಿಡುವ ಪರದೆ) ಕಟ್ಟಿಬಿಟ್ಟರೆ ಸಾಕು ಅನ್ನುವವರೂ ಇದ್ದಾರೆ. ನಿಧಾನದ ಹರಿವಿಗೆ ಅದು ಸರಿ. ಸೆಳೆತವಿದ್ದ ಕಡೆ ಪರದೆ ಮೇಲೆದ್ದು ರಾಡಿ ಅಡಿಯಿಂದಲೇ ನುಸುಳುತ್ತದೆ. ಸುಮ್ನೆ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ ಅಷ್ಟೆ.

ಕಾಣದ್ದರಲ್ಲಿ ಒಂದು, ಸದ್ದು. ಪೈಲ್ ಮೇಲೆ ಸುತ್ತಿಗೆ ಬಡಿದಾಗ ನೀರಿನೊಳಗೆ ಹೊರಡುವ ಒತ್ತಡದ ಅಲೆಗೆ ಮೀನಿನ ಗಾಳಿಚೀಲ ಒಡೆದುಹೋಗಬಹುದು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ 2008ರಲ್ಲಿ ಒಪ್ಪಿಕೊಂಡ ಮಿತಿ ಗರಿಷ್ಠ 206 ಡೆಸಿಬಲ್. ಇದು ನೀರಿನೊಳಗಿನ ಲೆಕ್ಕ, ಗಾಳಿಯ ಡೆಸಿಬಲ್ ಜೊತೆ ಹೋಲಿಸಬೇಡಿ. ನಾವು ಸೇತುವೆಯ ಅಡಿಪಾಯಕ್ಕೆ ಕೊರೆದು ತುಂಬುವ ಪೈಲ್ ಹಾಕಿದೆವು. ಶೀಟ್ ಪೈಲ್‌ಗಳನ್ನು ಬಡಿಯದೆ, ಕಂಪನ ಕೊಟ್ಟು ತಳ್ಳುವ ವೈಬ್ರೊ ಹ್ಯಾಮರ್‌ನಿಂದ ಇಳಿಸಿದೆವು. ಬಡಿಯಲೇಬೇಕಾದ ಕಡೆ ಪೈಲ್ ಸುತ್ತ ತಳದಿಂದ ಗಾಳಿ ಬಿಟ್ಟು ಗುಳ್ಳೆಗಳ ಪರದೆ ಎಬ್ಬಿಸಿದೆವು.

ಇನ್ನೊಂದು, ಸಿಮೆಂಟ್ ನೀರು. ನನ್ನ ಪ್ರಕಾರ ಸೈಟ್‌ನಲ್ಲಿ ಇದಕ್ಕಿಂತ ಮೋಸದ ವಸ್ತು ಬೇರೆ ಇಲ್ಲ. ಹಸಿ ಕಾಂಕ್ರೀಟ್ ಮುಟ್ಟಿದ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) 12 ದಾಟುತ್ತದೆ. ಮೀನಿಗೆ ಒಗ್ಗುವುದು ಸುಮಾರು 6.5ರಿಂದ 9. ಪಿಎಚ್ ಒಂದು ಅಂಕಿ ಏರಿದರೆ ಕ್ಷಾರ ಹತ್ತು ಪಟ್ಟು ಏರಿದ ಹಾಗೆ. ಕಾಫರ್‌ಡ್ಯಾಂ ತಳಕ್ಕೆ, ಒಳಗಿನ ನೀರು ಖಾಲಿ ಮಾಡುವ ಮೊದಲು, ಟ್ರೆಮಿ ಪೈಪಿನಿಂದ (ನೀರಿನಡಿ ಕಾಂಕ್ರೀಟ್ ಹಾಕುವ ಉದ್ದ ಕೊಳವೆ) ಕಾಂಕ್ರೀಟ್ ಇಳಿಸಿದಾಗ ಅಲ್ಲಿದ್ದ ನೀರು ಮೇಲೆ ಬರುತ್ತದೆ. ಅದನ್ನು ದಡದ ಟ್ಯಾಂಕಿಗೆ ಹರಿಸಿದೆವು. ಬೆಳಗಾಗುವಷ್ಟರಲ್ಲಿ ಗಸಿಯೆಲ್ಲ ತಳಕ್ಕೆ ಕೂತು ಮೇಲಿನ ನೀರು ತಿಳಿಯಾಗಿತ್ತು, ಟ್ಯಾಂಕಿನ ಬೆಸುಗೆ ಗೆರೆ ಕೂಡ ಕಾಣುತ್ತಿತ್ತು. ‘ಸಾರ್, ಕ್ಲೀನ್ ಆಗಿದೆ, ಬಿಟ್ಟುಬಿಡೋಣ್ವಾ?’ ಅಂತ ಪಂಪ್ ಆಪರೇಟರ್ ಕೇಳಿದ. ಪಿಎಚ್ ಕಾಗದ ಅದ್ದಿ ಅವನ ಕೈಗೇ ಕೊಟ್ಟೆ. ಕಾಗದ ಕಡುನೀಲಿಗೆ ತಿರುಗಿತು. ಟ್ಯಾಂಕಿಗೆ ಇಂಗಾಲದ ಡೈಆಕ್ಸೈಡ್ ಗುಳ್ಳೆ ಹಾಯಿಸಿ, ಪಿಎಚ್ ಇಳಿದ ಮೇಲೆ, ಜಿಯೋಟೆಕ್ಸ್‌ಟೈಲ್ ಬಟ್ಟೆಯ ಚೀಲದಲ್ಲಿ ಸೋಸಿ, ದಡದ ಹುಲ್ಲಿನ ಮೇಲೆ ಬಿಟ್ಟೆವು. ಆಸಿಡ್ ಯಾಕೆ ಬೇಡ ಅಂದರೆ, ಅಳತೆ ಸ್ವಲ್ಪ ಜಾಸ್ತಿಯಾದರೂ ನೀರು ಹುಳಿಯಾಗಿಬಿಡುತ್ತದೆ. ಅನಿಲದಲ್ಲಿ ಆ ಭಯ ಕಡಿಮೆ. ಆಮೇಲೆ ಆ ಹುಡುಗ ಜೇಬಿನಲ್ಲೇ ಪಿಎಚ್ ಕಾಗದ ಇಟ್ಟುಕೊಂಡು ಓಡಾಡುತ್ತಿದ್ದ.

ಹಳೇ ಸೇತುವೆ ಕೆಡವುವಾಗಲೂ ಇದೇ ನೀರಿನ ಕಾಟ. ಡೆಕ್ (ವಾಹನ ಓಡುವ ಮೇಲಿನ ಹಾಸು) ಒಡೆದು ನದಿಗೆ ಬೀಳಿಸುವ ಮಾತೇ ಇರಲಿಲ್ಲ. ಡೈಮಂಡ್ ವೈರ್ ಗರಗಸದಿಂದ ತುಂಡು ತುಂಡಾಗಿ ಕತ್ತರಿಸಿ ಕ್ರೇನ್‌ನಲ್ಲಿ ಎತ್ತಿದೆವು. ಆದರೆ ತಂತಿ ತಣ್ಣಗಿರಲು ನೀರು ಬಿಡಲೇಬೇಕು. ಕತ್ತರಿಸಿದ ಸೀಳಿನಿಂದ ಬೂದಿ ಬಣ್ಣದ ಸ್ಲರಿ ತೊಟ್ಟಿಕ್ಕುತ್ತದೆ. ಅದಕ್ಕೆ ಡೆಕ್ ಅಡಿಯಲ್ಲಿ ಟಾರ್ಪಾಲಿನ್ ಹಾಸಿದ ಅಟ್ಟಣೆ ತೂಗುಹಾಕಿ, ವ್ಯಾಕ್ಯೂಂ ಹಿಡಿದ ಒಬ್ಬರನ್ನು ಅಲ್ಲೇ ನಿಲ್ಲಿಸಿದೆವು. ಗರ್ಡರ್‌ಗಳ ಹಳೇ ಬಣ್ಣದ ಚೂರನ್ನು ಮೊದಲೇ ಲ್ಯಾಬ್‌ಗೆ ಕಳಿಸಿದ್ದೆ. ಸೀಸ ಇತ್ತು. ಹಾಗಾಗಿ ಉಕ್ಕು ಕತ್ತರಿಸುವ ಗ್ಯಾಸ್ ಟಾರ್ಚ್ ಹಚ್ಚುವ ಮೊದಲು ಕತ್ತರಿಸುವ ಗೆರೆಯ ಬಣ್ಣ ಕೆರೆದು ಡ್ರಮ್ಮಿಗೆ ತುಂಬಿಸಿದೆವು. ಇಲ್ಲದಿದ್ದರೆ ಸೀಸದ ಹೊಗೆ ನದಿಗಿಂತ ಮೊದಲು ಕೆಲಸಗಾರರ ಪುಪ್ಪುಸಕ್ಕೆ ಹೋಗುತ್ತದೆ. ನೀರಿನಲ್ಲಿದ್ದ ಪಿಯರ್‌ಗಳನ್ನು ಬುಡಸಮೇತ ಕೀಳಲಿಲ್ಲ. ನದಿ ತಳಕ್ಕಿಂತ ಕೆಳಗೆ ಕತ್ತರಿಸಿ ಉಳಿದದ್ದನ್ನು ಅಲ್ಲೇ ಬಿಟ್ಟೆವು. ಕೀಳಲು ಹೋದರೆ ತಳವೆಲ್ಲ ಕದಡುತ್ತದೆ.

ಸೇತುವೆ ಅಡಿಯ ಹಕ್ಕಿಗೂಡು, ಜಾಯಿಂಟ್ ಸಂದಿಯ ಬಾವಲಿಗಳನ್ನೂ ನೋಡಿಕೊಳ್ಳಬೇಕು. ಗೂಡು ಕಟ್ಟುವ ಕಾಲಕ್ಕೆ ಮುಂಚೆಯೇ ಬಲೆ ಕಟ್ಟಿದರೆ ತಲೆನೋವಿಲ್ಲ.

ಕೊನೆಗೆ ಮಳೆನೀರಿನ ಪೈಪು. ಹಳೇ ಡೆಕ್‌ನ ತೂತುಗಳು ನೀರನ್ನು ನೇರ ನದಿಗೆ ಸುರಿಯುತ್ತಿದ್ದವು. ಅದರಲ್ಲಿ ಎಣ್ಣೆಯ ಜೊತೆ ಟೈರ್ ಪುಡಿಯೂ ಇರುತ್ತದೆ. ಟೈರಿನಿಂದ ಬರುವ 6ಪಿಪಿಡಿ-ಕ್ವಿನೋನ್ ಅನ್ನುವ ರಾಸಾಯನಿಕ ಕೋಹೊ ಸಾಲ್ಮನ್ ಮೀನುಗಳನ್ನು ಕೊಲ್ಲುತ್ತದೆ ಅಂತ 2020ರಲ್ಲಿ ಗೊತ್ತಾಯಿತು. ಹೊಸ ಸೇತುವೆಯಲ್ಲಿ ಆ ನೀರನ್ನೆಲ್ಲ ಪೈಪಿನಲ್ಲಿ ದಡಕ್ಕೆ ತಂದು, ಹೂಳು ಗುಂಡಿ ದಾಟಿಸಿ, ಹುಲ್ಲು ಬೆಳೆಸಿದ ಕಾಲುವೆಯಲ್ಲಿ ಇಂಗುವಂತೆ ಮಾಡಿದೆವು. ಗುಂಡಿ ತುಂಬಿದರೆ ನೀರು ಮತ್ತೆ ನದಿಗೇ ಹೋಗುತ್ತದೆ. ಅದಕ್ಕೆ ಗುಂಡಿಯ ಪಕ್ಕದವರೆಗೂ ಹೂಳು ಹೀರುವ ಸಕ್ಕಿಂಗ್ ಲಾರಿ ಬರುವಷ್ಟು ರಸ್ತೆ ಮಾಡಿಸಿ, ಮಳೆಗಾಲದ ಮುಂಚೆ ಹೂಳು ತೆಗೆಯುವ ಕೆಲಸವನ್ನು ಸೇತುವೆಯ ನಿರ್ವಹಣೆ ಪುಸ್ತಕದಲ್ಲಿ ಬರೆಸಿಯೇ ಸೈಟ್ ಬಿಟ್ಟೆ.